ಪ್ರತಿದೀಪ್ತ ಲೋಹಬಂಧಕ ಸಂಯುಕ್ತಗಳು

ಪ್ರತಿದೀಪ್ತ ಲೋಹಬಂಧಕ ಸಂಯುಕ್ತಗಳು ಎಂದರೆ ತಾಮ್ರ, ಸತು, ಕಬ್ಬಿಣದಂತಹ ಲೋಹಗಳ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುವ, ಜೊತೆಗೆ ಒಂದು ಬಣ್ಣದ ಬೆಳಕನ್ನು ಹೀರಿ ಇನ್ನೊಂದು ಬಣ್ಣದ ಬೆಳಕನ್ನು ಸೂಸುವ ಸಾವಯವ ಅಣುಗಳು. ಆಲ್‌ಝೈಮರ್ ಕಾಯಿಲೆಯ ಪತ್ತೆ ಮತ್ತು ಚಿಕಿತ್ಸೆಗಳೆರಡಕ್ಕೂ ಒಂದೇ ಅಣುವನ್ನು ಬಳಸುವ ಉದ್ದೇಶದಿಂದ ಇವುಗಳ ಸಂಶೋಧನೆ ನಡೆದಿದೆ. ಕರ್ನಾಟಕದಲ್ಲಿ ಈ ಕ್ಷೇತ್ರದ ಗಮನಾರ್ಹ ಕೆಲಸ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ನಡೆದಿದೆ.

ಹಿನ್ನೆಲೆ

ರೋಗಿಯ ಮಿದುಳಿನಲ್ಲಿ ಅಮಿಲಾಯ್ಡ್ ಬೀಟಾ ಎಂಬ ಪೆಪ್ಟೈಡ್ ನರಕೋಶಗಳ ಹೊರಗೆ ಪ್ಲೇಕ್‌ಗಳಾಗಿ ಶೇಖರಗೊಳ್ಳುತ್ತದೆ. ಈ ಪ್ಲೇಕ್‌ಗಳಲ್ಲಿ ತಾಮ್ರ, ಸತು ಮತ್ತು ಕಬ್ಬಿಣದ ಪ್ರಮಾಣ ಹೆಚ್ಚಿರುವುದನ್ನು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಪೆಪ್ಟೈಡ್‌ಗೆ ಅಂಟಿದ ತಾಮ್ರವು ಆಮ್ಲಜನಕದೊಡನೆ ವರ್ತಿಸಿ ಜೀವಕೋಶಗಳಿಗೆ ಹಾನಿಕರವಾದ ಆಕ್ಸಿಜನ್ ಸಂಯುಕ್ತಗಳನ್ನು ಉಂಟುಮಾಡುತ್ತದೆ. ಆದ್ದರಿಂದ ಲೋಹವನ್ನು ಅಲ್ಲಿಂದ ಬಿಡಿಸಿದರೆ ಹಾನಿ ತಗ್ಗಬಹುದೆಂಬುದು ಈ ಚಿಕಿತ್ಸೆಯ ಮೂಲ ತರ್ಕ.

ಪತ್ತೆಯ ವಿಷಯದಲ್ಲಿ ತೊಡಕುಂಟು. ಹಲವು ಸಂಯುಕ್ತಗಳು ಸತುವಿನೊಡನೆ ಸೇರಿದಾಗ ಪ್ರಕಾಶಿಸುತ್ತವೆ, ತಾಮ್ರದೊಡನೆ ಸೇರಿದಾಗ ಮಂಕಾಗುತ್ತವೆ. ಕಣ್ಣಿಗೆ ಕಾಣುವ ಬೆಳಕು ತಲೆಬುರುಡೆಯನ್ನು ಹಾದು ಹೊರಬರುವುದೂ ಕಷ್ಟ. ಅವಕೆಂಪಿಗೆ ಸಮೀಪದ ಬೆಳಕು ಮಾತ್ರ ಒಂದಿಷ್ಟು ಆಳಕ್ಕೆ ಇಳಿಯುತ್ತದೆ.

ಕ್ಲಿಯೋಕ್ವಿನಾಲ್

ಹಿಂದೆ ಅಮೀಬಾ ಸೋಂಕಿನ ಭೇದಿಗೆ ಬಳಕೆಯಲ್ಲಿದ್ದ ಕ್ಲಿಯೋಕ್ವಿನಾಲ್ ಈ ವರ್ಗದ ಪ್ರಸಿದ್ಧ ಅಣು. ಜಪಾನಿನಲ್ಲಿ ಸಾವಿರಾರು ಜನರ ಬೆನ್ನುಹುರಿ ಹಾಗೂ ದೃಷ್ಟಿನರಗಳಿಗಾದ ಹಾನಿಯೊಡನೆ ಇದರ ಸಂಬಂಧ ಕಂಡುಬಂದು 1970ರಲ್ಲಿ ಅಲ್ಲಿ ಮಾರಾಟ ನಿಂತಿತು. ಇದರಿಂದ ರೂಪುಗೊಂಡ ಪಿಬಿಟಿ2 ಎಂಬ ಅಣುವೂ ಆಲ್‌ಝೈಮರ್ ರೋಗಿಗಳ ಎರಡನೆಯ ಹಂತದ ಪರೀಕ್ಷೆಯಲ್ಲಿ 2014ರಲ್ಲಿ ಮುಖ್ಯ ಗುರಿಯನ್ನು ತಲುಪಲಿಲ್ಲ. ತಾಮ್ರ ಮತ್ತು ಸತು ಆರೋಗ್ಯವಂತ ಕಿಣ್ವಗಳಿಗೂ ಅಗತ್ಯವಾದುದರಿಂದ ಲೋಹವನ್ನು ಎಲ್ಲೆಡೆಯಿಂದ ಕಿತ್ತುಕೊಳ್ಳುವ ಅಣು ಔಷಧಕ್ಕೆ ಯೋಗ್ಯವಲ್ಲ.

ಜಕ್ಕೂರಿನ ಸಂಶೋಧನೆ

2021ರ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಪಡೆದ ರಸಾಯನ ವಿಜ್ಞಾನಿ ಟಿ. ಗೋವಿಂದರಾಜು ಅವರ ತಂಡವು 2016ರಲ್ಲಿ, ತಾಮ್ರವನ್ನು ಹಿಡಿಯುವ ನೈಸರ್ಗಿಕ ತ್ರಿಪೆಪ್ಟೈಡೊಂದನ್ನು ಆಧರಿಸಿದ ಪ್ರತಿಬಂಧಕವನ್ನು ವರದಿ ಮಾಡಿತು. 2018ರಲ್ಲಿ ಕ್ಲಿಯೋಕ್ವಿನಾಲ್ ಮತ್ತು ಹಸಿರು ಚಹಾದ ಇಜಿಸಿಜಿ ಎಂಬ ಪದಾರ್ಥಗಳ ಗುಣಗಳನ್ನು ಒಗ್ಗೂಡಿಸಿದ ಟಿಜಿಆರ್86 ಮೊದಲಾದ ಮಿಶ್ರ ಅಣುಗಳು ಬಂದವು. ಇವು ಅಮಿಲಾಯ್ಡ್‌ನಿಂದ ತಾಮ್ರವನ್ನು ಬಿಡಿಸಿ ಅದನ್ನು ನಿಷ್ಕ್ರಿಯವಾಗಿಡುತ್ತವೆ. ಅದಕ್ಕೂ ಮುನ್ನ, 2017ರಲ್ಲಿ, ಇದೇ ತಂಡ ಅಮಿಲಾಯ್ಡ್ ಪ್ಲೇಕ್‌ಗಳನ್ನು ಟೌ ಪ್ರೋಟೀನಿನ ಗಂಟುಗಳಿಂದ ಬೇರ್ಪಡಿಸಿ ತೋರಿಸುವ ಅವಕೆಂಪು ಸಮೀಪದ ಪ್ರತಿದೀಪ್ತ ಶೋಧಕವೊಂದನ್ನು ವರದಿ ಮಾಡಿತ್ತು. ನ್ಯಾಫ್ತಲೀನ್ ಆಧಾರಿತ ಟಿಜಿಆರ್63 ಎಂಬ ಮತ್ತೊಂದು ಅಣು ಆಲ್‌ಝೈಮರ್ ಮಾದರಿಯ ಇಲಿಗಳಲ್ಲಿ ಪ್ಲೇಕ್‌ಗಳನ್ನೂ ಜ್ಞಾಪಕಶಕ್ತಿಯ ಕುಂದನ್ನೂ ತಗ್ಗಿಸಿತು. ಆ ಫಲಿತಾಂಶ ಪ್ರಾಣಿಗಳ ಮಟ್ಟದ್ದು.