ಕಟ್ಟಿದ ಕಾಲುವೆ

ನಮ್ಮದು ಕುಮಾರಪಟ್ಟಣದ ಹತ್ತಿರದ ಹಳ್ಳಿ. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಒಂದು ಸಂಜೆ, ಪಕ್ಕದಲ್ಲಿ ಉಣ್ಣುತ್ತ ಕೂತಿದ್ದ ದೊಡ್ಡಪ್ಪನ ಮಗ ತಾಟಿನ ತುಂಬ ರಕ್ತ ಕಾರಿದ. ಅವನಿಗಾಗ ಆರು ವರ್ಷ. "ಯಾರೋ ಮಾಡಿಸ್ಯಾರ" ಅಂತ ಅಜ್ಜಿ ಅಳತೊಡಗಿದಳು. ದೊಡ್ಡಪ್ಪ ಸಿಕ್ಕ ಟೆಂಪೋದಲ್ಲಿ ಹೊಳೆ ದಾಟಿ ಹರಿಹರಕ್ಕೆ, ಅಲ್ಲಿಂದ ದಾವಣಗೆರೆಗೆ ಓಡಿದ.

ಡಾಕ್ಟರು ಹೇಳಿದ್ದು ಇಷ್ಟು: ಹುಡುಗನ ಲಿವರ್ ಚೆನ್ನಾಗಿಯೇ ಇದೆ, ಅದಕ್ಕೆ ಹೋಗುವ ರಕ್ತನಾಳ ಕಟ್ಟಿದೆ.

ಅದರ ಹೆಸರು ಪೋರ್ಟಲ್ ವೇನ್. ಕರುಳು ಮತ್ತು ಗುಲ್ಮದ ರಕ್ತವನ್ನು ಲಿವರಿಗೆ ಒಯ್ಯುವ ದೊಡ್ಡ ಕಾಲುವೆ ಅನ್ನಿ. ಲಿವರಿಗೆ ಸೇರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಇದರದ್ದೇ. ಹುಟ್ಟಿದಾಗ ಹೊಕ್ಕುಳಿಗೆ ನಂಜಾದರೆ ಇದು ಕಟ್ಟಬಹುದು. ಎಷ್ಟೋ ಮಕ್ಕಳಲ್ಲಿ ಕಾರಣವೇ ಸಿಗುವುದಿಲ್ಲ. ಕಾಲುವೆ ಕಟ್ಟಿದರೆ ನೀರು ಸುಮ್ಮನಿರುತ್ತದೆಯೇ? ಬದುವು ಒಡೆದು ಸಣ್ಣ ಬೋದುಗಳಿಗೆ ನುಗ್ಗುತ್ತದೆ. ಹಾಗೇ ಅನ್ನನಾಳದ ಸಣ್ಣ ರಕ್ತನಾಳಗಳು ಉಬ್ಬಿ ಒಡೆಯುತ್ತವೆ, ಗುಲ್ಮ ಊದುತ್ತದೆ.

ಇದಕ್ಕೆ ಪರಿಹಾರದ ಕತೆ ಶುರುವಾಗುವುದು ನಾಯಿಗಳಿಂದ. 1877ರಲ್ಲಿ ರಷ್ಯಾದ ನಿಕೊಲಾಯ್ ಎಕ್ ಎಂಟು ನಾಯಿಗಳಲ್ಲಿ ಪೋರ್ಟಲ್ ವೇನನ್ನು ಲಿವರಿಗೆ ಬಿಡದೆ ನೇರ ದೊಡ್ಡ ರಕ್ತನಾಳಕ್ಕೆ ಜೋಡಿಸಿದ. ಏಳು ಬೇಗ ಸತ್ತವು, ಒಂದು ಎರಡೂವರೆ ತಿಂಗಳು ಬದುಕಿ ಲ್ಯಾಬಿನಿಂದಲೇ ಓಡಿಹೋಯಿತು! 1893ರಲ್ಲಿ ಪಾವ್ಲೋವ್ ತಂಡ ಇದನ್ನೇ ಮತ್ತೆ ಮಾಡಿತು. ಆ ನಾಯಿಗಳಿಗೆ ಮಾಂಸ ತಿನ್ನಿಸಿದರೆ ಅಮಲೇರಿದ ಹಾಗಾಗಿ ಸೆಳೆತ ಬರುತ್ತಿತ್ತು. ಲಿವರಿನಲ್ಲಿ ಶುದ್ಧವಾಗಬೇಕಿದ್ದ ರಕ್ತ ಸೀದಾ ಮಿದುಳಿಗೆ ಹೋಗುತ್ತಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬಗ್ ಮುಚ್ಚಲು ಹೋಗಿ ಫಿಲ್ಟರನ್ನೇ ತೆಗೆದ ಹಾಗೆ.

1945ರಲ್ಲಿ ನ್ಯೂಯಾರ್ಕಿನ ಅಲೆನ್ ವಿಪಲ್ ಮತ್ತು ಆರ್ಥರ್ ಬ್ಲೇಕ್‌ಮೋರ್ ಇಂಥ ಜೋಡಣೆಗಳನ್ನು ರೋಗಿಗಳಲ್ಲಿ ಮಾಡಿದ ವರದಿ ಕೊಟ್ಟರು. ಗುಲ್ಮ ತೆಗೆದು ಅದರ ರಕ್ತನಾಳವನ್ನು ಎಡ ಕಿಡ್ನಿಯದ್ದಕ್ಕೆ ಜೋಡಿಸುವುದು ಅದರಲ್ಲೊಂದು. ನನ್ನ ತಮ್ಮನಿಗೆ ಬೆಂಗಳೂರಲ್ಲಿ ಮಾಡಿದ್ದೂ ಅದೇ. ದೊಡ್ಡಪ್ಪ ಒಂದೆಕರೆ ಹೊಲ ಮಾರಿದ. ರಕ್ತ ಕಾರುವುದು ನಿಂತಿತು. ಆದರೆ ಲಿವರಿಗೆ ಸಿಗಬೇಕಾದ ಪಾಲು ಸಿಗಲೇ ಇಲ್ಲ.

ಆ ಪಾಲನ್ನು ಮರಳಿಸುವ ದಾರಿ 1990ರ ದಶಕದಲ್ಲಿ ಬ್ರಸೆಲ್ಸಿನಲ್ಲಿ ಹುಟ್ಟಿತು. ಜಾನ್ ಡಿ ವಿಲ್ ಡಿ ಗೊಯೆ ಎಂಬ ಸರ್ಜನ್ ಮಗುವಿನ ಕುತ್ತಿಗೆಯದೇ ಒಂದು ರಕ್ತನಾಳ ತೆಗೆದು, ಕರುಳಿನ ರಕ್ತವನ್ನು ಕಟ್ಟಿದ ಜಾಗ ದಾಟಿಸಿ, ಲಿವರಿನ ಎಡಭಾಗದ ಪೋರ್ಟಲ್ ಕವಲಿಗೆ ಸೇರಿಸಿದರು. ಆ ಸಂದಿಗೆ ಅಂಗರಚನಾ ತಜ್ಞ ಹ್ಯೂಗೊ ರೆಕ್ಸ್ ಹೆಸರಿದೆ. ಹಾಗಾಗಿ ಇದು ಮೀಸೊ-ರೆಕ್ಸ್ ಬೈಪಾಸ್. ಒಳಗಿನ ಕವಲು ತೆರೆದಿದ್ದರೆ ಮಾತ್ರ ಇದು ಸಾಧ್ಯ, ಎಲ್ಲ ಮಕ್ಕಳಿಗೂ ಆಗುವುದಿಲ್ಲ. ಈಗ ಎಂಡೋಸ್ಕೋಪಿಯಲ್ಲಿ ಉಬ್ಬಿದ ನಾಳಕ್ಕೆ ರಬ್ಬರ್ ಬ್ಯಾಂಡ್ ಹಾಕಿ ರಕ್ತ ನಿಲ್ಲಿಸುತ್ತಾರೆ. ಆದರೆ ಕಟ್ಟಿದ ಕಾಲುವೆ ಅದರಿಂದ ತೆರೆಯುವುದಿಲ್ಲ.

ಕಳೆದ ಸಲ ಊರಿಗೆ ಹೋದಾಗ ತಮ್ಮನಿಗೆ ಇದನ್ನೆಲ್ಲ ಹೇಳಿದೆ. "ಅಣ್ಣಾ, ನನಗೂ ಆಗ ಅದನ್ನ ಮಾಡಬಹುದಿತ್ತೇನು?" ಅಂದ. ಅವನ ಆಪರೇಷನ್ ಆದಾಗ ಅದು ಬೆಲ್ಜಿಯಂನಲ್ಲೇ ಇನ್ನೂ ಹೊಸತು ಅಂದೆ. ಸ್ವಲ್ಪ ಹೊತ್ತು ಹೊಟ್ಟೆಯ ಉದ್ದನೆ ಗಾಯದ ಮೇಲೆ ಕೈಯಾಡಿಸಿದ.

"ಇರಲಿ ಬಿಡು. ಆ ನಾಯಿ ಓಡಿಹೋತು, ನಾ ಇಲ್ಲೇ ಅದೀನಿ" ಅಂದು ನಕ್ಕು, ನೀರು ಕಟ್ಟಲು ಹೊಲಕ್ಕೆ ಹೋದ.