ಸರ್ಕಾರಿ ಆಶ್ರಯದಲ್ಲಿ ಸಾವು: ತನಿಖೆ ನಡೆದು ಬಂದ ದಾರಿ

ಪೊಲೀಸ್ ಲಾಕಪ್ಪಿನಲ್ಲಿ ಒಬ್ಬರು ಸತ್ತರೆ 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ವರದಿ ಹೋಗಬೇಕು. ಜೈಲುಗಳಲ್ಲಿ ಸತ್ತವರ ಲೆಕ್ಕವನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸುತ್ತದೆ. ಆದರೆ ಸರ್ಕಾರದ ನಿರಾಶ್ರಿತರ ಕೇಂದ್ರ, ಬಾಲಮಂದಿರ, ಬುದ್ಧಿಮಾಂದ್ಯರ ವಸತಿಗೃಹಗಳಲ್ಲಿ ಸತ್ತವರ ಬಗ್ಗೆ ಇಷ್ಟು ಬಿಗಿಯಾದ ವ್ಯವಸ್ಥೆ ಬೆಳೆದಿಲ್ಲ. ಅಪರಾಧಿಯ ಸಾವಿಗಿರುವ ಲೆಕ್ಕ ಅನಾಥರ ಸಾವಿಗೇಕಿಲ್ಲ ಎಂದು ಕೇಳಿದರೆ ನಮ್ಮ ತನಿಖಾ ವ್ಯವಸ್ಥೆಯ ಇತಿಹಾಸಕ್ಕೇ ಹೋಗಬೇಕಾಗುತ್ತದೆ.

ಬ್ರಿಟಿಷರ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಅದರ ಜಾಗಕ್ಕೆ ಬಂದ 1973ರ ಸಂಹಿತೆಯಲ್ಲೂ ಕಲಂ 174 ಇತ್ತು. ಅದರಂತೆ ಅಸಹಜ ಅಥವಾ ಅನುಮಾನಾಸ್ಪದ ಸಾವಾದರೆ ಪೊಲೀಸರು ಶವದ ಮಹಜರು ನಡೆಸುತ್ತಾರೆ. ಆದರೆ ಸಾವು ಅಸಹಜವೆಂದು ಮೊದಲು ಯಾರಾದರೂ ಹೇಳಬೇಕಲ್ಲ? ಆಶ್ರಯಧಾಮದೊಳಗೆ ಹಾಗೆ ಹೇಳಬೇಕಾದವರು ಅದೇ ಸಂಸ್ಥೆಯ ಸೂಪರಿಂಟೆಂಡೆಂಟರು. ಮರಣ ಪತ್ರದಲ್ಲಿ ‘ಹೃದಯ ಮತ್ತು ಉಸಿರಾಟ ಸ್ಥಗಿತ’ ಎಂದು ಬರೆದರೆ ಕಡತ ಮುಚ್ಚಿಹೋಗುತ್ತದೆ. ಯಾವ ಸಾವಿನಲ್ಲಿ ತಾನೇ ಹೃದಯ ನಿಲ್ಲುವುದಿಲ್ಲ? ಅದು ನಿಂತದ್ದು ಹಸಿವಿನಿಂದಲೋ ಭೇದಿಯಿಂದಲೋ ಔಷಧ ಸಿಗದೆಯೋ ಎಂದು ಕೇಳಲು ಬಂಧುಗಳಿಲ್ಲ. ವಾರಸುದಾರರಿಲ್ಲದ ಶವವನ್ನು 1957ರ ಕರ್ನಾಟಕ ಅಂಗರಚನಾ ಕಾಯಿದೆಯಡಿ ವೈದ್ಯಕೀಯ ಕಾಲೇಜಿಗೂ ಕೊಡಬಹುದು.

ಈ ಮೌನವನ್ನು ಮೊದಲು ಮುರಿದದ್ದು 1980ರ ದಶಕದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಗಳು. ಆಗ್ರಾದ ಮಹಿಳಾ ರಕ್ಷಣಾಗೃಹದ ದುಃಸ್ಥಿತಿ ಕುರಿತು ಕಾನೂನು ಪ್ರಾಧ್ಯಾಪಕರಾದ ಉಪೇಂದ್ರ ಬಕ್ಷಿ ಮತ್ತು ಲೋತಿಕಾ ಸರ್ಕಾರ್ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ಸ್ವೀಕರಿಸಿತು. ರಾಂಚಿಯ ಮಾನಸಿಕ ಆಸ್ಪತ್ರೆಯ ಪ್ರಕರಣವೂ ಅದೇ ದಶಕದ್ದು. 1993ರಲ್ಲಿ ಮಾನವ ಹಕ್ಕುಗಳ ಆಯೋಗ ಹುಟ್ಟಿತು. 1997ರಲ್ಲಿ ರಾಂಚಿ, ಆಗ್ರಾ, ಗ್ವಾಲಿಯರ್ ಮಾನಸಿಕ ಆಸ್ಪತ್ರೆಗಳ ಮೇಲ್ವಿಚಾರಣೆಯನ್ನು ಸುಪ್ರೀಂ ಕೋರ್ಟ್ ಆಯೋಗಕ್ಕೆ ವಹಿಸಿತು. ಆಯೋಗದ ಪರವಾಗಿ ಬೆಂಗಳೂರಿನ ನಿಮ್ಹಾನ್ಸ್ ದೇಶದ ಮಾನಸಿಕ ಆಸ್ಪತ್ರೆಗಳನ್ನು ಅಧ್ಯಯನ ಮಾಡಿತು. ಅದರ ವರದಿ 1999ರಲ್ಲಿ ಹೊರಬಂತು. ಇವೆಲ್ಲ ಸಂಸ್ಥೆಯ ಸ್ಥಿತಿಗತಿಯ ತನಿಖೆಗಳು. ಒಂದೊಂದು ಸಾವಿಗೂ ಕಾರಣ ಕೇಳುವ ಪದ್ಧತಿ ಅವುಗಳಿಂದ ಹುಟ್ಟಲಿಲ್ಲ.

ದಂಡ ಪ್ರಕ್ರಿಯಾ ಸಂಹಿತೆಗೆ ಬಂದ 2005ರ ತಿದ್ದುಪಡಿ ಮುಖ್ಯ ತಿರುವು. ಪೊಲೀಸ್ ವಶದಲ್ಲಿ ಅಥವಾ ನ್ಯಾಯಾಲಯ ಅಧಿಕಾರ ಕೊಟ್ಟ ಬೇರೆ ಯಾವುದೇ ಬಂಧನದಲ್ಲಿ ಸಾವಾದರೆ ನ್ಯಾಯಿಕ ಮ್ಯಾಜಿಸ್ಟ್ರೇಟರೇ ವಿಚಾರಣೆ ನಡೆಸಬೇಕೆಂದು ಅದು ವಿಧಿಸಿತು. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 196ರಲ್ಲಿದೆ. ‘ಆಶ್ರಯ’ ಎಂಬ ಹೆಸರಿನಲ್ಲಿ ಕೂಡಿಹಾಕಿದವರು ಈ ವ್ಯಾಪ್ತಿಗೆ ಬರುತ್ತಾರೆಯೇ ಎಂಬುದು ಮಾತ್ರ ಮಸುಕಾಗಿಯೇ ಉಳಿಯಿತು.

ಆ ಮಸುಕಿನ ಬೆಲೆ ಏನೆಂದು ಕರ್ನಾಟಕಕ್ಕೆ ಗೊತ್ತಾದದ್ದು ಆಗಸ್ಟ್ 2010ರಲ್ಲಿ. ಬೆಂಗಳೂರಿನ ಸುಮನಹಳ್ಳಿಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ, ಅಂದರೆ ಜನರ ಬಾಯಲ್ಲಿ ‘ಬೆಗ್ಗರ್ಸ್ ಕಾಲೊನಿ’ಯಲ್ಲಿ, ವಾಂತಿಭೇದಿ ಹಬ್ಬಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಪತ್ರಕರ್ತರೂ ಹಕ್ಕುಗಳ ಸಂಘಟನೆಗಳೂ ಕೆದಕಿದಾಗ, ಅದೇ ವರ್ಷದ ಹಿಂದಿನ ತಿಂಗಳುಗಳಲ್ಲಿ ಇನ್ನೂರಕ್ಕೂ ಹೆಚ್ಚು ಸಾವುಗಳಾಗಿದ್ದವೆಂಬುದು ಬಯಲಾಯಿತು. 1975ರ ಭಿಕ್ಷಾಟನೆ ನಿಷೇಧ ಕಾಯಿದೆಯಡಿ ಹಿಡಿದು ತಂದವರು ಇಷ್ಟಬಂದಂತೆ ಗೇಟು ದಾಟಿ ಹೋಗುವಂತಿಲ್ಲ. ಬಂಧನವೆಂದರೆ ಇದಕ್ಕಿಂತ ಬೇರೇನು? ಆಸ್ತಿ ತೆರಿಗೆ ಕಟ್ಟುವ ಪ್ರತಿಯೊಬ್ಬ ಬೆಂಗಳೂರಿಗನ ರಸೀದಿಯಲ್ಲಿ ಭಿಕ್ಷುಕರ ಉಪಕರದ ಪಾಲೂ ಇದೆ. ಅಂದರೆ ಹಣ ಲೆಕ್ಕಕ್ಕೆ ಸಿಗುತ್ತಿತ್ತು, ಜೀವ ಸಿಗುತ್ತಿರಲಿಲ್ಲ.

ಜೈಲುಗಳ ಅಮಾನವೀಯ ಸ್ಥಿತಿ ಕುರಿತ ಪ್ರಕರಣದಲ್ಲಿ ಸೆಪ್ಟೆಂಬರ್ 2017ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇದನ್ನೇ ಎತ್ತಿ ತೋರಿಸಿತು. ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ ಅಸಹಜವಾಗಿ ಸತ್ತ ಮಕ್ಕಳ ಲೆಕ್ಕ ಇಡಲು ಕ್ರಮವೊಂದನ್ನು ರೂಪಿಸಿ ಎಂದು ಅದು ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯಕ್ಕೆ ಆದೇಶಿಸಿತು. ಸ್ವಾತಂತ್ರ್ಯ ಬಂದು 70 ವರ್ಷಕ್ಕೆ ಕೊಟ್ಟ ಆದೇಶವದು! ಜುಲೈ 2024ರಲ್ಲಿ ದೆಹಲಿ ಸರ್ಕಾರದ ಆಶಾಕಿರಣ ವಸತಿಗೃಹದಲ್ಲಿ ಒಂದೇ ತಿಂಗಳಲ್ಲಿ 14 ಮಂದಿ ಸತ್ತಾಗ ಮತ್ತದೇ ಕ್ರಮ ನಡೆಯಿತು: ಮೊದಲು ಸುದ್ದಿ, ಆಮೇಲೆ ಮ್ಯಾಜಿಸ್ಟ್ರೇಟ್ ತನಿಖೆಗೆ ಆದೇಶ, ಕೊನೆಗೆ ಕುಡಿಯುವ ನೀರನ್ನು ಪರೀಕ್ಷಿಸಿ ಎಂಬ ಹೈಕೋರ್ಟ್ ಸೂಚನೆ.

ಸ್ವತಂತ್ರವಾಗಿ ಲೆಕ್ಕ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಲೈಫ್ ಎಸಿಡಿಮೆನಿ ಪ್ರಕರಣ ಸಾಕ್ಷಿ. ಗೌಟೆಂಗ್ ಪ್ರಾಂತ್ಯದ ಆರೋಗ್ಯ ಇಲಾಖೆ ಆ ಹೆಸರಿನ ಆಸ್ಪತ್ರೆಗಳಲ್ಲಿದ್ದ ಮನೋರೋಗಿಗಳನ್ನು ಪರವಾನಗಿಯೇ ಸರಿಯಿಲ್ಲದ ಸಂಸ್ಥೆಗಳಿಗೆ ಸಾಗಿಸಿತ್ತು. 2016ರಲ್ಲಿ ಇಲಾಖೆ ಒಪ್ಪಿಕೊಂಡದ್ದು 36 ಸಾವು. ಮರುವರ್ಷ ಆರೋಗ್ಯ ಓಂಬುಡ್ಸ್‌ಮನ್ ಮಾಲೆಗಾಪುರು ಮಕ್ಗೋಬಾ ಎಣಿಸಿದಾಗ ಅದು 94 ದಾಟಿತು. ಅಂತಿಮ ಲೆಕ್ಕ 144. ನಿವೃತ್ತ ನ್ಯಾಯಮೂರ್ತಿ ಡಿಕ್ಗಾಂಗ್ ಮೊಸೆನೆಕೆ 2018ರಲ್ಲಿ ಕುಟುಂಬಗಳಿಗೆ ಪರಿಹಾರ ವಿಧಿಸಿದರು. 2024ರಲ್ಲಿ ನ್ಯಾಯಾಲಯ ಒಂಬತ್ತು ಸಾವುಗಳಿಗೆ ಅಂದಿನ ಪ್ರಾಂತೀಯ ಆರೋಗ್ಯ ಸಚಿವೆಯನ್ನೂ ಹಿರಿಯ ಅಧಿಕಾರಿಯೊಬ್ಬರನ್ನೂ ಹೊಣೆಯಾಗಿಸಿತು.

ನಮ್ಮಲ್ಲಿ ಆಯೋಗಗಳಿಗೆ ಕೊರತೆಯಿಲ್ಲ. 1952ರ ಕಾಯಿದೆಯಂತೆ ವಿಚಾರಣಾ ಆಯೋಗದ ವರದಿಯನ್ನು ಕೈಗೊಂಡ ಕ್ರಮಗಳ ವಿವರದೊಂದಿಗೆ ಆರು ತಿಂಗಳೊಳಗೆ ಸದನದಲ್ಲಿ ಮಂಡಿಸಬೇಕು; ಶಿಫಾರಸುಗಳನ್ನು ಸರ್ಕಾರ ಒಪ್ಪಲೇಬೇಕೆಂದಿಲ್ಲ. ಆದ್ದರಿಂದ ಇನ್ನೊಂದು ಆಯೋಗಕ್ಕಿಂತ ಮೂರು ಸಣ್ಣ ನಿಯಮಗಳು ಹೆಚ್ಚು ಕೆಲಸ ಮಾಡಬಲ್ಲವು. ಸರ್ಕಾರಿ ಆಶ್ರಯದಲ್ಲಾದ ಪ್ರತಿ ಸಾವೂ 24 ಗಂಟೆಯಲ್ಲಿ ವರದಿಯಾಗಲಿ. ಕಾರಣವನ್ನು ಹೊರಗಿನ ವೈದ್ಯರು ನಿರ್ಧರಿಸಲಿ. ವರ್ಷದ ಒಟ್ಟು ಲೆಕ್ಕ ವಿಧಾನಸಭೆಯ ಮುಂದೆ ಬರಲಿ. ಇದಕ್ಕೆ ಹೊಸ ಇಲಾಖೆ ಬೇಡ, ಸರ್ಕಾರಕ್ಕೆ ಮನಸ್ಸಿದ್ದರೆ ಸಾಕು.