ಬಾಣಂತಿಯರಲ್ಲಿ ರಕ್ತ ಹೆಪ್ಪುಗಟ್ಟದ ದೋಷಗಳು

ಹುಟ್ಟಿನಿಂದ ಬಾರದೆ, ಹೆರಿಗೆಯ ವೇಳೆ ಇಲ್ಲವೆ ಬಾಣಂತನದಲ್ಲಿ ತಲೆದೋರುವ ರಕ್ತಸ್ರಾವ ದೋಷಗಳು. ಇವುಗಳಲ್ಲಿ ಮುಖ್ಯವಾದವು ಎರಡು. ಮಾಸು ಅವಧಿಗೆ ಮುಂಚೆ ಕಳಚಿದಾಗ, ನಂಜೇರಿದಾಗ ಅಥವಾ ವಿಪರೀತ ರಕ್ತ ಹೋದಾಗ ಫೈಬ್ರಿನೋಜನ್ ಮೊದಲಾದ ಹೆಪ್ಪುಕಾರಕಗಳು ತೀರಿಹೋಗುವುದು ಒಂದು. ಇನ್ನೊಂದು ಅಪರೂಪದ ಸಂಪಾದಿತ ಹಿಮೋಫಿಲಿಯಾ. ಇದರಲ್ಲಿ ದೇಹವೇ ಫ್ಯಾಕ್ಟರ್ 8 ಎಂಬ ಹೆಪ್ಪುಕಾರಕದ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ.

ಮಾಸು ಕಳಚಿದ ಹೆರಿಗೆಯಲ್ಲಿ ರಕ್ತ ಹೆಪ್ಪುಗಟ್ಟದೆ ತಾಯಿ ಸತ್ತ ಪ್ರಕರಣವನ್ನು ಅಮೆರಿಕದ ವೈದ್ಯ ಜೋಸೆಫ್ ಡಿ ಲೀ 1901ರಲ್ಲಿ ದಾಖಲಿಸಿದ. ರಕ್ತದಲ್ಲೇ ಹೆಪ್ಪುತಡೆ ವಸ್ತು ಇರಬಲ್ಲದೆಂಬುದು 1940ರ ದಶಕದಲ್ಲಿ ಸ್ಪಷ್ಟವಾಯಿತು. ಸಂಪಾದಿತ ಹಿಮೋಫಿಲಿಯಾ ಹೆರಿಗೆಯಾಗಿ ಕೆಲವು ವಾರ, ತಿಂಗಳುಗಳ ಮೇಲೆ ಚರ್ಮದಡಿ ದೊಡ್ಡ ಕಪ್ಪು ಕಲೆಗಳಾಗಿ ಕಾಣಿಸಬಹುದು. ರೋಗಿಯ ಪ್ಲಾಸ್ಮಾಕ್ಕೆ ಆರೋಗ್ಯವಂತರ ಪ್ಲಾಸ್ಮಾ ಸಮಪಾಲು ಬೆರೆಸಿ, ಕಾವಿನಲ್ಲಿಟ್ಟು ನೋಡಿದರೂ ಹೆಪ್ಪುಗಟ್ಟುವ ಅವಧಿ ಸರಿಹೋಗದಿದ್ದರೆ ಪ್ರತಿಕಾಯವಿದೆಯೆಂಬ ಸಂಶಯ ಬಲವಾಗುತ್ತದೆ. ಸ್ಟೆರಾಯ್ಡ್ ಇದರ ಮೊದಲ ಚಿಕಿತ್ಸೆ.

ಹಳ್ಳಿಗಾಡಿನ ಹೆರಿಗೆಗಳಲ್ಲಿ ಹೆಚ್ಚು ಕಾಣುವುದು ಗರ್ಭಕೋಶ ಬಿಗಿಯದೆ ಆಗುವ ಸ್ರಾವ. ಅದು ನಿಲ್ಲದಿದ್ದರೆ ಹೆಪ್ಪುಕಾರಕಗಳೂ ಬರಿದಾಗುತ್ತವೆ. ಈ ಸ್ರಾವವನ್ನು ಮೊದಲೇ ತಡೆಯುವ ದೊಡ್ಡ ಪ್ರಯೋಗವೊಂದು ಬೆಳಗಾವಿ ಜಿಲ್ಲೆಯಲ್ಲಿ ನಡೆಯಿತು. 2002ರಿಂದ 2005ರವರೆಗೆ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಮತ್ತು ಅಮೆರಿಕದ ಸಂಶೋಧಕರು ಸೇರಿ 1620 ಗರ್ಭಿಣಿಯರನ್ನು ಅಧ್ಯಯನ ಮಾಡಿದರು. ಹೆರಿಗೆ ಮಾಡಿಸಿದವರು ಎಎನ್‌ಎಂ (ಸಹಾಯಕ ದಾದಿ-ಸೂಲಗಿತ್ತಿ) ಸಿಸ್ಟರ್‌ಗಳು. ಮದ್ದು ಗರ್ಭಕೋಶ ಬಿಗಿಸುವ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್ ಮಾತ್ರೆ. ರಕ್ತಸ್ರಾವದ ಪ್ರಮಾಣ ಶೇ. 12ರಿಂದ 6.4ಕ್ಕಿಳಿಯಿತು. 2006ರಲ್ಲಿ ಫಲಿತಾಂಶ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಾಣಂತಿಯ ಕೆಳಗೆ ಹಾಸಿದ, ಅಳತೆ ಗೆರೆಯ ಪ್ಲಾಸ್ಟಿಕ್ ಚೀಲದಲ್ಲಿ ರಕ್ತ ಹಿಡಿದು ಲೆಕ್ಕ ಹಾಕುತ್ತಿದ್ದರು. ಕಣ್ಣಂದಾಜಿನಲ್ಲಿ ರಕ್ತ ಸುಮಾರು ಮೂರನೇ ಒಂದು ಪಾಲು ಕಡಿಮೆ ಲೆಕ್ಕಕ್ಕೆ ಬರುತ್ತದೆಂದು ಆ ಚೀಲವೇ ತೋರಿಸಿತು. 2023ರಲ್ಲಿ ಆಫ್ರಿಕದ ನಾಲ್ಕು ದೇಶಗಳ ಇ-ಮೋಟಿವ್ ಪ್ರಯೋಗವೂ ಇಂಥದೇ ಚೀಲ ಬಳಸಿತು. ಬೇಗ ಗುರುತಿಸಿ ಎಲ್ಲ ಚಿಕಿತ್ಸೆ ಒಟ್ಟಿಗೆ ಕೊಟ್ಟಾಗ ತೀವ್ರ ಅಪಾಯ ಶೇ. 60ರಷ್ಟು ತಗ್ಗಿತು.

ಜಪಾನಿನ ಉತಾಕೊ ಮತ್ತು ಶೋಸುಕೆ ಒಕಾಮೊಟೊ ದಂಪತಿ 1962ರಲ್ಲಿ ವರದಿ ಮಾಡಿದ ಟ್ರಾನೆಕ್ಸಾಮಿಕ್ ಆಮ್ಲ ಕಟ್ಟಿದ ಹೆಪ್ಪು ಕರಗದಂತೆ ತಡೆಯುತ್ತದೆ. 20,060 ಮಹಿಳೆಯರನ್ನೊಳಗೊಂಡ 2017ರ ‘ವುಮನ್’ ಪ್ರಯೋಗದ ಪ್ರಕಾರ, ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವು ಕಡಿಮೆಯಾಗುತ್ತದೆ.

ಪ್ರಯೋಗಾಲಯವಿಲ್ಲದ ಕಡೆಗೂ ಒಂದು ಪರೀಕ್ಷೆಯುಂಟು. ಒಣಗಿದ, ಸ್ವಚ್ಛವಾದ ಗಾಜಿನ ಕೊಳವೆಗೆ 2 ಮಿ.ಲೀ. ರಕ್ತ ಹಾಕಿ ಮುಷ್ಟಿಯಲ್ಲಿ ಬೆಚ್ಚಗೆ ಹಿಡಿಯಬೇಕು. ನಾಲ್ಕು ನಿಮಿಷದ ಮೇಲೆ ಮೆಲ್ಲನೆ ವಾಲಿಸಿ ನೋಡಬೇಕು. ಏಳು ನಿಮಿಷವಾದರೂ ಹೆಪ್ಪು ಕಟ್ಟದಿದ್ದರೆ ಅಥವಾ ಕಟ್ಟಿದ್ದು ಒಡೆದುಹೋದರೆ ದೋಷವಿದೆಯೆಂದು ಎಣಿಸಬೇಕು. ರೋಣ ತಾಲ್ಲೂಕಿನ ಅಸೂಟಿಯಂಥ ಊರಿನ ಬಾಣಂತಿಗೆ ರಕ್ತ, ಪ್ಲಾಸ್ಮಾ ಬೇಕಾದರೆ ಗದಗ ಅಥವಾ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಸಾಗಿಸಬೇಕಾಗುತ್ತದೆ. ಆದ್ದರಿಂದ ಸ್ರಾವ ಅರ್ಧ ಲೀಟರು ಮುಟ್ಟಿದಾಗಲೇ ಚಿಕಿತ್ಸೆ ಆರಂಭಿಸಿ ವಾಹನ ಕರೆಸುವುದು ಕ್ಷೇಮ.